ಗೋಡೆಗೆ ಬಣ್ಣ ಆರಿಸುವ ಮೊದಲು ನೆಲ ನೋಡಿ

ಪೇಂಟ್ ಅಂಗಡಿಯವರು ಕೊಡುವ ದಪ್ಪ ಶೇಡ್ ಕಾರ್ಡ್ ಇರುತ್ತದಲ್ಲ, ಸಾವಿರಕ್ಕೂ ಜಾಸ್ತಿ ಬಣ್ಣ ಇರುವುದು, ಅದನ್ನು ಈಗಲೇ ಮುಚ್ಚಿ ಟೀವಿ ಸ್ಟ್ಯಾಂಡ್ ಮೇಲೆ ಇಟ್ಟುಬಿಡಿ. ಅದು ಬೇಕಾಗುವುದು ಕೊನೆಗೆ.

ನಾನು ಅದನ್ನೇ ಮೊದಲು ತೆರೆದವಳು. ತುಮಕೂರಿನ ಪಕ್ಕ ಕ್ಯಾತ್ಸಂದ್ರದ ಕಡೆ ನಮ್ಮ ಮನೆ ಮುಗಿಯುವ ಹೊತ್ತಿಗೆ, ಒಂದು ರಾತ್ರಿ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಯಾರದೋ ಮನೆ ಫೋಟೋ ನೋಡಿ, ಕಾರ್ಡಿನಲ್ಲಿ ಅದೇ ತರದ ಬೂದು ಬಣ್ಣ ಹುಡುಕಿ, ಬೆಳಿಗ್ಗೆ ಪೇಂಟರಿಗೆ ನಂಬರ್ ಹೇಳಿಬಿಟ್ಟೆ. ಎರಡು ಕೋಟ್ ಆದ ಮೇಲೆ ಹೋಗಿ ನೋಡಿದರೆ ಗೋಡೆ ನೀಲಿ, ನೆಲ ಹಳದಿ! ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಕೆನೆ ಬಣ್ಣದ ಟೈಲ್ಸ್ ಒಂದು ವಾರದಿಂದ ಒರೆಸದ ನೆಲದ ತರ ಕಾಣಿಸಿತು. ಅತ್ತೆ ಒಳಗೆ ಬಂದು ಸುತ್ತ ಒಂದು ಸಲ ನೋಡಿ, "ಇದೇನಮ್ಮ, ಡಾಕ್ಟರ್ ಶಾಪಿನ ತರ ಇದೆ?" ಅಂದರು. ಪೇಂಟರ್ ಏನೂ ಮಾತಾಡಲಿಲ್ಲ, ಬ್ರಷ್ ತೊಳೆಯುತ್ತಿದ್ದರು.

ಬಣ್ಣ ಒಳ್ಳೆಯದೇ ಇತ್ತು. ನಾನು ಉಲ್ಟಾ ಕಡೆಯಿಂದ ಶುರು ಮಾಡಿದ್ದೆ. ಒಂದು ಮನೆಯಲ್ಲಿ ಸುಲಭವಾಗಿ ಬದಲಾಯಿಸಲು ಆಗುವುದು ಗೋಡೆ ಬಣ್ಣ ಮಾತ್ರ. ನೆಲ ಕೀಳಲು ಆಗುವುದಿಲ್ಲ, ಬಾಗಿಲು ಬದಲಿಸುವುದಿಲ್ಲ, ಕಿಟಕಿ ಯಾವ ದಿಕ್ಕಿಗಿದೆಯೋ ಅಲ್ಲೇ ಇರುತ್ತದೆ. ಬದಲಾಗದ್ದನ್ನೆಲ್ಲ ಮೊದಲು ಬರೆದುಕೊಂಡು, ಗೋಡೆಯನ್ನು ಅದಕ್ಕೆ ಹೊಂದಿಸಬೇಕು. ಎರಡನೇ ಸಲ ಪೇಂಟ್ ಮಾಡಿಸುವಾಗ ನಾನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಒಂದು ದಿನ ಪೂರ್ತಿ ಬೆಳಕು ನೋಡಿ

ಒಂದು ಭಾನುವಾರ ನೋಟ್‌ಬುಕ್ ಹಿಡಿದುಕೊಂಡು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ, ಮತ್ತೆ ರಾತ್ರಿ ಲೈಟ್ ಹಾಕಿ, ಹೀಗೆ ನಾಲ್ಕು ಸಲ ಪ್ರತಿ ಕೋಣೆಯಲ್ಲೂ ಒಂದೆರಡು ನಿಮಿಷ ನಿಲ್ಲಿ. ಯಾವ ಗೋಡೆಗೆ ಬಿಸಿಲು ನೇರವಾಗಿ ಬೀಳುತ್ತದೆ, ಯಾವ ಮೂಲೆ ಹಗಲೇ ಕತ್ತಲೆ, ಎಲ್ಲಿ ಟ್ಯೂಬ್‌ಲೈಟ್ ಹಾಕಲೇಬೇಕು, ಅಷ್ಟು ಬರೆದರೆ ಸಾಕು.

ಉತ್ತರದ ಕಿಟಕಿಯಿಂದ ಬರುವ ಬೆಳಕು ದಿನವಿಡೀ ಹೆಚ್ಚುಕಮ್ಮಿ ಒಂದೇ ತರ, ಸ್ವಲ್ಪ ನೀಲಿ ಛಾಯೆಯದ್ದು. ಅಲ್ಲಿ ಬೂದು, ತಿಳಿ ನೀಲಿ ಹಚ್ಚಿದರೆ ಕೋಣೆ ಇನ್ನೂ ತಣ್ಣಗೆ ಕಾಣುತ್ತದೆ. ನನ್ನ ಹಾಲಿನ, ಅಂದರೆ ನಡುಮನೆಯ ಕಥೆಯೂ ಇದೇ. ಪೂರ್ವದ ಕೋಣೆ ಬೆಳಿಗ್ಗೆ ಚಿನ್ನದ ಹಾಗೆ ಇದ್ದು ಮಧ್ಯಾಹ್ನ ಮಂಕಾಗುತ್ತದೆ. ಪಶ್ಚಿಮದ ಕೋಣೆಯದು ಇದಕ್ಕೆ ತದ್ವಿರುದ್ಧ. ಸಂಜೆ ಬಿಸಿಲು ಕಿತ್ತಳೆಯಾಗಿ ನುಗ್ಗುತ್ತದೆ, ಅದರ ಮೇಲೆ ನೀವು ಹಳದಿಯನ್ನೋ ಪೀಚ್ ಬಣ್ಣವನ್ನೋ ಹಚ್ಚಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ಒಲೆ ಮುಂದೆ ಕೂತ ಹಾಗೆ ಇರುತ್ತದೆ. ಅಂಥ ಕೋಣೆಗೆ ತಿಳಿ ಹಸಿರು, ಬೂದು ಬೆರೆತ ನೀಲಿ ಹಿತ. ದಕ್ಷಿಣಕ್ಕೆ ವರ್ಷದಲ್ಲಿ ಜಾಸ್ತಿ ದಿನ ಒಳ್ಳೆಯ ಬೆಳಕು ಇರುತ್ತದೆ. ಇನ್ನೊಂದು ವಿಷಯ, ಬಹಳ ಜನ ಗಮನಿಸುವುದಿಲ್ಲ: ತುಮಕೂರು ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಜೂನ್‌ನಲ್ಲಿ ಉತ್ತರದ ಕಿಟಕಿಯ ಹತ್ತಿರ ಬಿಸಿಲು ಕಂಡರೆ ಗಾಬರಿ ಬೇಡ.

ಆಮೇಲೆ ಪಕ್ಕದ ಮನೆ. ಇದನ್ನು ಯಾವ ಶೇಡ್ ಕಾರ್ಡೂ ಹೇಳುವುದಿಲ್ಲ. ನಮ್ಮ ಲೇಔಟುಗಳಲ್ಲಿ 30 ಅಡಿಗೆ 40 ಅಡಿ ಸೈಟು, ಗೋಡೆಗೂ ಗೋಡೆಗೂ ನಾಲ್ಕಾರು ಅಡಿ ಜಾಗ. ಪಕ್ಕದವರು ಹೊರಗೋಡೆಗೆ ಗಿಳಿ ಹಸಿರು ಹೊಡೆಸಿದರೆ ಅದರ ಮೇಲೆ ಬಿದ್ದ ಬಿಸಿಲು ಹಸಿರಾಗಿ ನಿಮ್ಮ ಬೆಡ್‌ರೂಮಿಗೆ ಬರುತ್ತದೆ. ನಮ್ಮ ಮಗನ ಕೋಣೆಗೆ ಎದುರುಮನೆಯವರ ಕನಕಾಂಬರ ಬಣ್ಣ ಹೀಗೇ ಬರುತ್ತಿದೆ. ನಾವು ಹಚ್ಚಿದ್ದು ಬಿಳಿ, ಮಧ್ಯಾಹ್ನ ಮೂರಕ್ಕೆ ಅದು ಪಪ್ಪಾಯಿ. ಜಗಳ ಆಡಲು ಆಗುತ್ತದಾ? ತಿಳಿ ಬೂದಿಯ ಪರದೆ ಹಾಕಿದ್ದೇವೆ.

ರಾತ್ರಿಯ ಬೆಳಕಿನ ಮಾತು ಬೇರೆ. ಬಲ್ಬಿನ ಡಬ್ಬದ ಮೇಲೆ ಕೆ ಅಕ್ಷರದ ಜೊತೆ ಒಂದು ನಂಬರ್ ಇರುತ್ತದೆ. 2700 ಅಥವಾ 3000 ಇದ್ದರೆ ಹಳದಿ ಬೆಳಕು, 4000 ಮಧ್ಯದ್ದು, 6500 ಅಂದರೆ ನಮ್ಮ ಊರಿನ ಹೆಚ್ಚಿನ ಅಂಗಡಿಗಳಲ್ಲಿ 'ವೈಟ್' ಅಂತ ಕೇಳಿದ ತಕ್ಷಣ ಕೊಡುವ ನೀಲಿ ಬಿಳುಪು. ಗಂಧದ ಬಣ್ಣ, ಕೆನೆ ಬಣ್ಣ ಹಚ್ಚಿಸಿ ಮೇಲೆ 6500ರ ಟ್ಯೂಬ್ ಹಾಕಿದರೆ ಅಷ್ಟು ಖರ್ಚು ಮಾಡಿದ್ದೆಲ್ಲ ಬಿಳುಚಿಕೊಳ್ಳುತ್ತದೆ. ಬಣ್ಣ ಬದಲಿಸುವ ಮೊದಲು ಒಂದೇ ಒಂದು ಬಲ್ಬ್ ಬದಲಿಸಿ ನೋಡಿ. ಕೆಲವು ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ನೆಲಕ್ಕೂ ಬಣ್ಣ ಇದೆ

"ನಮ್ಮದು ಬಿಳಿ ಟೈಲ್ಸ್" ಅಂತ ಎಲ್ಲರೂ ಹೇಳುತ್ತಾರೆ. ಒಂದು ಬಿಳಿ ಎ4 ಹಾಳೆ ತಂದು ನೆಲದ ಮೇಲೆ ಇಡಿ, ಹಗಲು ಬೆಳಕಿನಲ್ಲಿ. ಹಾಳೆಯ ಪಕ್ಕದಲ್ಲಿ ನೆಲ ಹಳದಿಯಾಗಿ ಕಾಣುತ್ತದಾ, ಗುಲಾಬಿಯಾಗಾ, ಬೂದಿಯಾಗಾ? ಅದೇ ಅದರ ನಿಜವಾದ ಛಾಯೆ. ಹಾಳೆಯನ್ನು ಬಾಗಿಲ ಚೌಕಟ್ಟಿಗೆ, ಬೀರುವಿನ ಲ್ಯಾಮಿನೇಟಿಗೆ, ಅಡುಗೆಮನೆಯ ಕಲ್ಲಿಗೆ ಎಲ್ಲದಕ್ಕೂ ಹಿಡಿದು ನೋಡಿ ಬರೆದುಕೊಳ್ಳಿ. ಐದು ನಿಮಿಷದ ಕೆಲಸ, ನಾನು ಇದೊಂದನ್ನು ಮೊದಲು ಮಾಡಿದ್ದರೆ ಎರಡು ಸಲ ಪೇಂಟರ್ ಕೂಲಿ ಕೊಡುತ್ತಿರಲಿಲ್ಲ.

ನೆಲದಲ್ಲಿ ಹಳದಿ ಛಾಯೆ ಇದ್ದರೆ ಗೋಡೆಯಲ್ಲೂ ಸ್ವಲ್ಪ ಹಳದಿ ಬೆರೆತಿರುವ ಬಣ್ಣವೇ ಸರಿ: ಕೆನೆ, ಗಂಧ, ಬಾದಾಮಿ, ತೀರಾ ತಿಳಿಯಾದ ಎಲೆ ಹಸಿರು. ನೀಲಿ ಮಿಶ್ರಿತ ಬೂದು ಪಕ್ಕಕ್ಕೆ ಬಂದರೆ ನೆಲ ಕೊಳಕಾಗಿ ಕಾಣುತ್ತದೆ. ಈಗ ಬರುವ ಮಾರ್ಬಲ್ ತರದ, ಬೂದು ಗೆರೆ ಇರುವ ಬಿಳಿ ಟೈಲ್ಸ್ ಆದರೆ ಬೂದು, ನೀಲಿ, ತಣ್ಣನೆಯ ಬಿಳಿ ಎಲ್ಲ ಧೈರ್ಯವಾಗಿ ಹಾಕಬಹುದು.

ಹಳೆಯ ಮನೆಯ ಕೆಂಪು ನೆಲ, ಅದೇ ರೆಡ್ ಆಕ್ಸೈಡ್, ಇದ್ದವರು ಪುಣ್ಯವಂತರು. ದಯವಿಟ್ಟು ಅದರ ಮೇಲೆ ಟೈಲ್ಸ್ ಹಾಕಿಸಬೇಡಿ. ಕೊಬ್ಬರಿ ಬಿಳಿ ಗೋಡೆ, ಕೆಂಪು ನೆಲ, ಕಡು ಮರದ ಬಾಗಿಲು, ಇಷ್ಟಿದ್ದರೆ ಬೇರೆ ಏನೂ ಬೇಡ. ಕೊಬ್ಬರಿ ಬಿಳಿ ಅಂದರೆ ತಿಪಟೂರಿನ ಒಳ್ಳೆ ಕೊಬ್ಬರಿ ಒಡೆದಾಗ ಒಳಗೆ ಕಾಣುತ್ತದಲ್ಲ, ಬಿಳಿಯೇ ಆದರೆ ಸುಣ್ಣದ ಬಿಳಿ ಅಲ್ಲ, ಅದು. ಅಂಗಡಿಯಲ್ಲಿ 'ಆಫ್ ವೈಟ್' ಅಂತ ಕೇಳಿದರೆ ಇಪ್ಪತ್ತು ತೋರಿಸುತ್ತಾರೆ, ಒಂದು ಚೂರು ಕೊಬ್ಬರಿ ತೆಗೆದುಕೊಂಡು ಹೋಗಿ ಹೋಲಿಸಿದರೂ ತಪ್ಪಿಲ್ಲ. ನಾನು ಹಾಗೇ ಮಾಡಿದೆ. ಅಂಗಡಿ ಹುಡುಗ ನಕ್ಕ, ಆದರೆ ಸರಿಯಾದ ಶೇಡ್ ಸಿಕ್ಕಿತು.

ಸೀರೆ ಲೆಕ್ಕ

ಇಂಟೀರಿಯರ್ ಮಾಡುವವರು 60-30-10 ಅಂತ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯಲ್ಲಿ ಕಣ್ಣಿಗೆ ಬೀಳುವುದರಲ್ಲಿ ಅರುವತ್ತು ಪಾಲು ಒಂದು ಮುಖ್ಯ ಬಣ್ಣ, ಮೂವತ್ತು ಪಾಲು ಎರಡನೆಯದು, ಹತ್ತು ಪಾಲು ಎದ್ದು ಕಾಣುವ ಬಣ್ಣ. ಕೇಳಲು ಗಣಿತದ ತರ ಇದೆ, ಆದರೆ ನಮಗೆ ಇದು ಹೊಸದೇ ಅಲ್ಲ. ಸೀರೆಯ ಒಡಲು, ಅಂಚು, ಸೆರಗು ಅಂದುಕೊಳ್ಳಿ. ಒಡಲು ಗೋಡೆ. ಅಂಚು ಅಂದರೆ ಪರದೆ, ಸೋಫಾ, ಬೀರು, ಒಂದು ಬೇರೆ ಬಣ್ಣದ ಗೋಡೆ. ಸೆರಗು ಅಂದರೆ ದಿಂಬಿನ ಕವರ್, ಚಿತ್ರ, ಹೂಕುಂಡ. ಮೂರೂ ಕಡೆ ಜರಿ ಹಾಕಿದ ಸೀರೆ ಉಟ್ಟುಕೊಂಡವರನ್ನು ನೋಡಿದರೆ ನಾವೇ ಏನೋ ಅಂದುಕೊಳ್ಳುತ್ತೇವೆ, ಅಲ್ವಾ? ಆದರೂ ಹಾಲಿನಲ್ಲಿ ಒಂದು ಗೋಡೆ ಮೆರೂನ್, ಒಂದಕ್ಕೆ ಟೆಕ್ಸ್ಚರ್, ಟೀವಿ ಹಿಂದೆ ವಾಲ್‌ಪೇಪರ್, ಮೇಲೆ ಬಣ್ಣದ ಲೈಟಿನ ಫಾಲ್ಸ್ ಸೀಲಿಂಗ್, ಎಲ್ಲ ಒಟ್ಟಿಗೆ ಮಾಡಿಸುತ್ತೇವೆ.

ಯಾವ ಬಣ್ಣಗಳು ಒಟ್ಟಿಗೆ ಹೋಗುತ್ತವೆ ಅಂತ ಗೊತ್ತಾಗದಿದ್ದರೆ ಬೀರು ತೆರೆದು ನಿಮಗೆ ಬಹಳ ಇಷ್ಟವಾದ ಒಂದು ಸೀರೆಯನ್ನೋ ಜಮಖಾನವನ್ನೋ ಹೊರಗೆ ತೆಗೆಯಿರಿ. ನೇಯ್ದವರು ಆ ಯೋಚನೆಯನ್ನೆಲ್ಲ ಮಾಡಿಯೇ ಇರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ತಿಳಿಯಾದ ಬಣ್ಣದ ಇನ್ನೂ ತಿಳಿ ಶೇಡ್ ಗೋಡೆಗೆ, ಮಧ್ಯದ ಬಣ್ಣ ಪರದೆಗೆ, ಗಾಢವಾದದ್ದು ದಿಂಬಿಗೆ. ಸೀರೆಯಲ್ಲಿ ಚಂದ ಕಂಡ ಗಾಢ ಬಣ್ಣವನ್ನು ಹಾಗೇ ಗೋಡೆಗೆ ಎತ್ತಿ ಹಾಕಬೇಡಿ. ಕಾರ್ಡಿನ ಎರಡಿಂಚು ಚೌಕದಲ್ಲಿ ಹಿತವಾಗಿದ್ದದ್ದು ಹತ್ತಡಿ ಗೋಡೆ ಮೇಲೆ ಕೂಗಾಡುತ್ತದೆ. ಇಷ್ಟವಾದ ಶೇಡಿಗಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನೇ ಆರಿಸಿ.

ಕೋಣೆ ಕೋಣೆಗೂ ಬೇರೆ ಬೇರೆ ಬಣ್ಣ ಬೇಕು ಅನ್ನುವುದು ಇನ್ನೊಂದು ಆಸೆ. ಹಾಲಿನ ಸೋಫಾ ಮೇಲೆ ಕೂತು ನೋಡಿ, ಬಾಗಿಲುಗಳೆಲ್ಲ ತೆರೆದಿದ್ದಾಗ ಎಷ್ಟು ಕೋಣೆಯ ಗೋಡೆ ಕಾಣುತ್ತದೆ? ನಮ್ಮ ಮನೆಯಲ್ಲಿ ನಾಲ್ಕು. ಅಷ್ಟೂ ಬಣ್ಣ ಒಂದಕ್ಕೊಂದು ಪಕ್ಕದಲ್ಲಿ ಕೂತರೆ ಹೇಗಿರುತ್ತದೆ ಅಂತ ಆ ಜಾಗದಿಂದಲೇ ತೀರ್ಮಾನ ಮಾಡಬೇಕು. ನಾನು ಹಾಲು, ಊಟದ ಜಾಗ, ಮೆಟ್ಟಿಲು, ಪ್ಯಾಸೇಜ್ ಎಲ್ಲಕ್ಕೂ ಒಂದೇ ಕೊಬ್ಬರಿ ಬಿಳಿ ಹಾಕಿಸಿದೆ. ಬದಲಾವಣೆ ಬೇಕಿದ್ದದ್ದು ಮಲಗುವ ಕೋಣೆಗಳಲ್ಲಿ.

ಕೋಣೆಗಳ ಮಾತು

ಅಡುಗೆಮನೆಯಲ್ಲಿ ಕಪ್ಪು ಕಲ್ಲು, ಅದರ ಮೇಲೆ ಎರಡಡಿ ಟೈಲ್ಸ್ ಇದ್ದೇ ಇರುತ್ತದೆ. ಉಳಿದ ಗೋಡೆಗೆ ತೊಳೆಯಬಹುದಾದ ಪೇಂಟ್ ಇರಲಿ, ಬಣ್ಣ ತೀರಾ ಬಿಳಿ ಬೇಡ. ಒಗ್ಗರಣೆಯ ಎಣ್ಣೆ ಹಬೆ ವರ್ಷದಲ್ಲಿ ಅದನ್ನು ಹೇಗೂ ಕೆನೆ ಬಣ್ಣ ಮಾಡುತ್ತದೆ, ನಾವೇ ಮೊದಲು ಮಾಡಿಬಿಟ್ಟರೆ ಒಳ್ಳೆಯದು. ಅರಿಶಿನದ ಕಲೆಗೆ ಮಾತ್ರ ಯಾವ ಬಣ್ಣವೂ ಉತ್ತರ ಅಲ್ಲ, ತಕ್ಷಣ ಒರೆಸಬೇಕು.

ದೇವರ ಮನೆಯನ್ನು ಹಿರಿಯರಿಗೆ ಬಿಟ್ಟುಕೊಡಿ. ವಾಸ್ತು ಪ್ರಕಾರ ಇಂಥ ದಿಕ್ಕಿಗೆ ಇಂಥ ಬಣ್ಣ ಅಂತ ಅವರು ಹೇಳಿದರೆ ಅಲ್ಲಿ ನಡೆಸಿಕೊಡಿ, ಹಾಲಿನಲ್ಲಿ ನಿಮ್ಮ ಮಾತು ನಡೆಯುತ್ತದೆ. ದೀಪದ ಮಸಿ ಏರುವ ಗೋಡೆಗೆ ಮಾತ್ರ ಟೈಲ್ಸೋ ಕಲ್ಲೋ ಇದ್ದರೆ ಚೆಂದ.

ಮಲಗುವ ಕೋಣೆಯಲ್ಲಿ ಗಾಢ ಬಣ್ಣದ ಆಸೆ ಇದ್ದರೆ ಮಂಚದ ತಲೆ ಕಡೆಯ ಗೋಡೆಗೆ ಹಾಕಿ. ಮಲಗಿದಾಗ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಒಳಗೆ ಬಂದವರಿಗೆ ಕಾಣುತ್ತದೆ. ಮಕ್ಕಳಿಗೆ ಹತ್ತು ಪಾಲಿನ ಸ್ವಾತಂತ್ರ್ಯ ಕೊಡಿ: ಬೆಡ್‌ಶೀಟ್, ಪುಸ್ತಕದ ಶೆಲ್ಫಿನ ಒಳಭಾಗ. ಏಳನೇ ವಯಸ್ಸಿನಲ್ಲಿ ಬೇಕಾದ ಬಣ್ಣ ಹತ್ತನೇ ವಯಸ್ಸಿನಲ್ಲಿ ಬೇಡವಾಗುತ್ತದೆ. ಬಚ್ಚಲುಮನೆಗೆ ಟೈಲ್ಸ್ ಮೇಲಿನ ಜಾಗಕ್ಕೆ ಬಿಳಿ, ಮುಗಿಯಿತು.

ಕತ್ತಲೆ ಕೋಣೆಗೆ ಬಿಳಿ ಹೊಡೆದರೆ ಬೆಳಕಾಗುತ್ತದೆ ಅನ್ನುವ ಮಾತನ್ನು ಅರ್ಧ ನಂಬಿ. ಪ್ರತಿ ಶೇಡಿಗೂ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ, ಬಿದ್ದ ಬೆಳಕಿನಲ್ಲಿ ಎಷ್ಟನ್ನು ಬಣ್ಣ ವಾಪಸ್ ಕೊಡುತ್ತದೆ ಅಂತ. ಕಡು ಕಪ್ಪಿಗೆ 0, ಪೂರ್ತಿ ಬಿಳಿಗೆ 100. ಬೆಳಕು ಕಡಿಮೆ ಇರುವ ಕೋಣೆಗೆ 60ಕ್ಕಿಂತ ಮೇಲಿನದು ನೋಡಿ. ಆದರೆ ವಾಪಸ್ ಕೊಡಲು ಬೆಳಕೇ ಬರದ ಕೋಣೆಯಿದ್ದರೆ, ಕಿಟಕಿ ಎದುರಿಗೇ ಪಕ್ಕದ ಮನೆ ಗೋಡೆ ಇರುವಂಥದ್ದು, ಅಲ್ಲಿ ಬಿಳಿ ಮಾಸಲು ಬೂದಿಯಾಗಿ ಕಾಣುತ್ತದೆ. ಅಲ್ಲಿಗೆ ಸ್ವಲ್ಪ ಬೆಚ್ಚಗಿನ ಮಧ್ಯಮ ಬಣ್ಣ ಮತ್ತು ಒಂದು ಒಳ್ಳೆಯ ಬಲ್ಬೇ ಗತಿ.

ಧೂಳು, ಎಣ್ಣೆ ತಲೆ, ಕೆಮ್ಮಣ್ಣು

ನಮ್ಮ ಕಡೆಯದು ಕೆಂಪು ಮಣ್ಣು. ಲೇಔಟ್ ರಸ್ತೆಗೆ ಡಾಂಬರು ಬೀಳುವವರೆಗೆ, ಬಿದ್ದ ಮೇಲೂ ಪೈಪ್ ಹಾಕಲು ಮತ್ತೆ ಅಗೆಯುವವರೆಗೆ, ಅದು ಮನೆಯೊಳಗೇ ಇರುತ್ತದೆ. ತಣ್ಣನೆಯ ಬಿಳಿ, ನೀಲಿ ಮಿಶ್ರಿತ ಬೂದಿಯ ಮೇಲೆ ಕೆಂಪು ಧೂಳು ಎದ್ದು ಕಾಣುತ್ತದೆ, ಕೆನೆ ಮತ್ತು ಮಣ್ಣಿನ ಬಣ್ಣದ ಮೇಲೆ ಅಷ್ಟು ಕಾಣುವುದಿಲ್ಲ. ಗುಬ್ಬಿ, ತುರುವೇಕೆರೆ ಕಡೆಯ ಹಳೇ ಮನೆಗಳಲ್ಲಿ ಗೋಡೆಗೆ ಸುಣ್ಣ, ಕೆಳಗಿನ ಒಂದೆರಡು ಅಡಿಗೆ ಕೆಮ್ಮಣ್ಣು ಬಳಿದಿರುವುದನ್ನು ನೋಡಿದ್ದೀರಲ್ಲ? ಕೊಳೆ ಆಗುವ ಜಾಗಕ್ಕೆ ಕೊಳೆಯದೇ ಬಣ್ಣ, ಅಷ್ಟೇ ಲೆಕ್ಕ. ಸುಣ್ಣಕ್ಕೆ ಚೂರು ನೀಲಿ ಬೆರೆಸಿದರೆ ಹಳದಿ ಛಾಯೆ ಮುಚ್ಚಿ ಬಿಳಿ ಇನ್ನೂ ಬಿಳಿಯಾಗಿ ಕಾಣುತ್ತದೆ ಅಂತಲೂ ಅವರಿಗೆ ಗೊತ್ತಿತ್ತು. ಮೆಟ್ಟಿಲ ಪಕ್ಕ, ಮಕ್ಕಳು ಓಡಾಡುವ ಪ್ಯಾಸೇಜ್ ಇಲ್ಲೆಲ್ಲ ಕೆಳಗಿನ ಮೂರಡಿಗೆ ಇಟ್ಟಿಗೆ ಬಣ್ಣ ಅಥವಾ ರಾಗಿ ಬಣ್ಣ ಹಾಕಿಸಿ ನೋಡಿ.

ದಿವಾನ್ ಹಿಂದಿನ ಗೋಡೆಗೆ ಎಣ್ಣೆ ತಲೆ ಒರಗಿದ ದುಂಡು ಗುರುತು ಪ್ರತಿ ಮನೆಯಲ್ಲೂ ಇದೆ. ಇದಕ್ಕೆ ಬಣ್ಣಕ್ಕಿಂತ ಫಿನಿಶ್ ಮುಖ್ಯ. ಮ್ಯಾಟ್ ಅಂದರೆ ಹೊಳಪಿಲ್ಲದ್ದು, ಗೋಡೆಯ ಉಬ್ಬುತಗ್ಗು ಮುಚ್ಚುತ್ತದೆ, ಆದರೆ ಸಾಮಾನ್ಯ ಮ್ಯಾಟ್ ಒರೆಸಿದಷ್ಟೂ ಗುರುತಾಗುತ್ತದೆ. ಹೊಳಪಿನದು ಒರೆಸಲು ಸುಲಭ, ಆದರೆ ಪುಟ್ಟಿ, ಅಂದರೆ ಗೋಡೆ ನುಣುಪು ಮಾಡುವ ಲೇಪ, ಸರಿಯಾಗಿ ಹಾಕದ ಗೋಡೆಯ ಗುಟ್ಟನ್ನೆಲ್ಲ ಬಯಲು ಮಾಡುತ್ತದೆ. ಸೀಲಿಂಗಿಗೆ ಮ್ಯಾಟ್ ಬಿಳಿ, ಹಾಲು ಮತ್ತು ಅಡುಗೆಮನೆಗೆ ಸಣ್ಣ ಹೊಳಪಿನ ತೊಳೆಯಬಹುದಾದ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಪೇಂಟ್), ಇದು ನನಗೆ ಸರಿ ಕಂಡದ್ದು.

ಈಗ ಶೇಡ್ ಕಾರ್ಡ್ ತೆಗೆಯಿರಿ

ಇಷ್ಟೆಲ್ಲ ಬರೆದುಕೊಂಡ ಮೇಲೆ ಸಾವಿರ ಬಣ್ಣದಲ್ಲಿ ಉಳಿಯುವುದು ಆರೇಳು. ಅದರಲ್ಲಿ ಮೂರು ಆರಿಸಿ, ಸಣ್ಣ ಸ್ಯಾಂಪಲ್ ಡಬ್ಬ ಇಲ್ಲವೇ ಒಂದೊಂದು ಲೀಟರ್ ಕಲಸಿಸಿ. ಗೋಡೆಗೆ ನೇರ ಹಚ್ಚಬೇಡಿ, ಹಳೆ ಬಣ್ಣ ಪಕ್ಕದಲ್ಲೇ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚೌಕದ ದಪ್ಪ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಹಚ್ಚಿ, ಸುತ್ತ ಒಂದಿಂಚು ಬಿಳಿ ಬಿಡಿ, ಒಣಗಲು ಒಂದು ದಿನ ಬಿಡಿ. ಎಮಲ್ಷನ್ ಹಸಿ ಇದ್ದಾಗ ತಿಳಿಯಾಗಿದ್ದು ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಆ ಹಾಳೆಯನ್ನು ಕಿಟಕಿ ಎದುರಿನ ಗೋಡೆಗೆ, ಕಿಟಕಿ ಪಕ್ಕದ ಗೋಡೆಗೆ, ಮೂಲೆಗೆ, ಕೆಳಗೆ ನೆಲಕ್ಕೆ ತಾಗಿಸಿ, ಹೀಗೆ ಎರಡು ಮೂರು ದಿನ ಜಾಗ ಬದಲಿಸುತ್ತಾ ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸಿ ತೀರ್ಮಾನ ಮಾಡಬೇಡಿ, ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ತಿದ್ದಿಕೊಳ್ಳುತ್ತದೆ.

ಗಾಢ ಕೆಂಪು, ಗಾಢ ಹಳದಿ ಆರಿಸಿದ್ದರೆ ಒಂದು ಎಚ್ಚರಿಕೆ. ಇವು ಕೆಳಗಿನದನ್ನು ಸುಲಭಕ್ಕೆ ಮುಚ್ಚುವುದಿಲ್ಲ, ಮೂರು ನಾಲ್ಕು ಕೋಟ್ ಆಗಬಹುದು. ಕೂಲಿ ಮಾತಾಡುವಾಗಲೇ ಇದನ್ನು ಹೇಳಿಕೊಳ್ಳಿ.

ಎಷ್ಟು ಬೇಕು ಅನ್ನುವುದು ಸರಳ ಲೆಕ್ಕ. 10 ಅಡಿಗೆ 12 ಅಡಿ ಕೋಣೆ, ಎತ್ತರ 10 ಅಡಿ ಅಂದರೆ ಗೋಡೆ ಒಟ್ಟು 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ 390ರ ಹತ್ತಿರ. ಡಬ್ಬದ ಮೇಲೆ ಎರಡು ಕೋಟಿಗೆ ಲೀಟರಿಗೆ ಇಷ್ಟು ಚದರಡಿ ಅಂತ ಬರೆದಿರುತ್ತದೆ. ಅದು 120 ಇದ್ದರೆ ಮೂರೂಕಾಲು ಲೀಟರ್, ಅಂದರೆ 4 ಲೀಟರಿನ ಒಂದು ಡಬ್ಬ. ಒಂದು ಬಣ್ಣಕ್ಕೆ ಬೇಕಾದದ್ದನ್ನೆಲ್ಲ ಒಂದೇ ದಿನ, ಒಂದೇ ಮಿಷಿನ್ನಿನಲ್ಲಿ ಕಲಸಿಸಿ, ಮನೆಯಲ್ಲಿ ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಬೆರೆಸಿಕೊಳ್ಳಿ. ಇಲ್ಲದಿದ್ದರೆ ಒಂದು ಗೋಡೆ ಮಧ್ಯದಲ್ಲಿ ಡಬ್ಬ ಬದಲಾದ ಗೆರೆ ಕಾಣುವ ಸಾಧ್ಯತೆ ಇದೆ.

ಮುಹೂರ್ತಕ್ಕೆ ಗೋಡೆ ಕಾಯುವುದಿಲ್ಲ

ಹೊಸ ಮನೆಯವರಿಗೆ ಇದು. ಆಷಾಢ ಕಳೆದು ಶ್ರಾವಣದಲ್ಲಿ ಗೃಹಪ್ರವೇಶ ಅಂತ ದಿನ ಗೊತ್ತುಮಾಡಿ, ಹಸಿ ಗೋಡೆಗೇ ಪುಟ್ಟಿ, ಪ್ರೈಮರ್ (ಪೇಂಟಿಗೆ ಮೊದಲು ಹಚ್ಚುವ ತಳದ ಕೋಟ್), ಪೇಂಟ್ ಒಂದರ ಹಿಂದೆ ಒಂದು ಎಳೆಯುತ್ತಾರೆ. ಆರು ತಿಂಗಳಲ್ಲಿ ಬಿಳಿ ಉಪ್ಪು ಉಬ್ಬಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಆಗ ಪೇಂಟ್ ಸರಿಯಿಲ್ಲ ಅಂತ ಬೈಯುತ್ತೇವೆ. ಪ್ಲಾಸ್ಟರಿಂಗ್ ಆಗಿ ಕಡಿಮೆ ಅಂದರೂ 28 ದಿನ ಹೋಗಲಿ, ಮಳೆಗಾಲವಾದರೆ ಇನ್ನೂ ಜಾಸ್ತಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, 16 ಗಂಟೆ ಬಿಟ್ಟು ಕೀಳಿ. ಒಳಗೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಗೃಹಪ್ರವೇಶಕ್ಕೆ ಬರೀ ಪ್ರೈಮರ್ ಗೋಡೆ ಇದ್ದರೆ ಯಾರೂ ಊಟ ಬಿಟ್ಟು ಹೋಗುವುದಿಲ್ಲ.

ಹಳೆ ಮನೆಯವರು ಕಿಟಕಿ ಸರಳು, ಬಾಗಿಲಿನ ಹಳೇ ಎಣ್ಣೆ ಬಣ್ಣ ಕೆರೆಯುವಾಗ ಮಕ್ಕಳನ್ನು ದೂರ ಕಳಿಸಿ, ನೀರು ಹಾಕಿ ಉಜ್ಜಿಸಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು, ಆ ಪುಡಿ ಮೂಗಿಗೆ ಹೋಗಬಾರದು.

ಕೆಲಸ ಮುಗಿದ ಮೇಲೆ ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ತುಂಬಿಸಿಡಿ, ಮೊಳೆ ಹೊಡೆದ ತೂತು ಮುಚ್ಚಲು ಬೇಕಾಗುತ್ತದೆ. ಶೇಡ್ ನಂಬರ್, ಕಂಪನಿ, ಫಿನಿಶ್, ಕಲಸಿದ ತಾರೀಕು ಎಲ್ಲೋ ಒಂದು ಕಡೆ ಬರೆದಿಡಿ, ಬಿಲ್ ಕಳೆದೇ ಹೋಗುತ್ತದೆ. ನಾನು ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಪೆನ್ನಿನಲ್ಲಿ ಬರೆದಿದ್ದೇನೆ. ಈಗ ಅದರ ಪಕ್ಕದಲ್ಲೇ ಅತ್ತೆ ಹಾಲಿನ ಲೆಕ್ಕ ಬರೆಯಲು ಶುರು ಮಾಡಿದ್ದಾರೆ.